ಕಡಲ ಬದಿಯ ಬಿಸಿಲು ಕೋಣೆ

ಕೇಳುಗರಿಗೆಲ್ಲ ನಮಸ್ಕಾರ.

ಕಡಲಿಗೆ ಹತ್ತಿರ ಮನೆ ಇದ್ದವರಿಗೆ ಒಂದಲ್ಲ ಒಂದು ದಿನ ಈ ಆಸೆ ಬರುತ್ತದೆ. ಮನೆಯ ಬದಿಗೆ ಒಂದು ಗಾಜಿನ ಕೋಣೆ ಇದ್ದರೆ ಎಷ್ಟು ಚೆಂದ! ಒಳಗೆ ಕೂತೇ ಮಳೆ ನೋಡಬಹುದು, ಅಲೆ ನೋಡಬಹುದು, ನಾಲ್ಕು ಕುಂಡ ಇಡಬಹುದು. ಇದಕ್ಕೆ ಸನ್‌ರೂಮ್ ಅಂತ ಹೆಸರು. ನಾವು ಬಿಸಿಲು ಕೋಣೆ ಅಂತ ಕರೆಯೋಣ. ಆದರೆ ತೊಡಕು ಇರುವುದೇ ಹೆಸರಲ್ಲಿ. ಇದು ಚಳಿ ದೇಶದ ಕೋಣೆ. ಅಲ್ಲಿ ಸಿಗುವ ಚೂರುಪಾರು ಬಿಸಿಲನ್ನು ಹಿಡಿದು ಕೂಡಿಡುವುದು ಅದರ ಕೆಲಸ. ಸೆಕೆಯ ಕಡಲತೀರದಲ್ಲಿ ಬಿಸಿಲಿಗೇನು ಬರವೇ? ಬೇಕಾದದ್ದು ಬೆಳಕು. ಬಿಸಿಲಲ್ಲ. ಸಾಲದ್ದಕ್ಕೆ ಆಗಾಗ ಬರುವ ಬಿರುಗಾಳಿ ಮೊದಲು ಹುಡುಕಿಕೊಂಡು ಬರುವುದು ಈ ಕೋಣೆಯನ್ನೇ. ಹಾಗಾಗಿ ಚಳಿ ದೇಶದ ನಕ್ಷೆ ತಂದು ಹಾಗ್ಹಾಗೇ ಕಟ್ಟಿದರೆ ಆಗದು.

ಮೊದಲು ಚಾವಣಿ. ಜನ ಕೇಳುವುದು ಗಾಜಿನ ಚಾವಣಿ. ರಾತ್ರಿ ನಕ್ಷತ್ರ ಕಾಣುತ್ತೆ ಅಂತ. ಕಾಣುತ್ತದೆ, ಸುಳ್ಳಲ್ಲ. ಆದರೆ ಹಗಲಿನ ಲೆಕ್ಕವನ್ನೂ ಸ್ವಲ್ಪ ಹಾಕಿ. ಮೋಡವಿಲ್ಲದ ನಡು ಮಧ್ಯಾಹ್ನ ಒಂದು ಚದರ ಮೀಟರ್ ಜಾಗದ ಮೇಲೆ ಸುಮಾರು 1000 ವ್ಯಾಟ್‌ನಷ್ಟು ಬಿಸಿಲು ಬೀಳುತ್ತದೆ. ನಾಲ್ಕು ಮೀಟರ್ ಉದ್ದ, ಮೂರು ಮೀಟರ್ ಅಗಲದ ಕೋಣೆ ಅಂದರೆ 12 ಚದರ ಮೀಟರ್. ಸಾದಾ ಗಾಜು ಅದರಲ್ಲಿ ಮುಕ್ಕಾಲು ಭಾಗಕ್ಕಿಂತ ಜಾಸ್ತಿಯನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಅಂದರೆ 1000 ವ್ಯಾಟಿನ ಒಂಬತ್ತು ಹೀಟರುಗಳನ್ನು ತಲೆಯ ಮೇಲೆ ನೇತುಹಾಕಿ ಒಟ್ಟಿಗೇ ಹಚ್ಚಿದ ಹಾಗೆ. ಒಂದೂವರೆ ಟನ್ನಿನ ಎಸಿ ಹೊರಗೆ ಹಾಕುವುದು ಸುಮಾರು 5000 ವ್ಯಾಟ್ ಶಾಖವನ್ನು. ಎರಡು ಎಸಿ ಹಾಕಿದರೂ ತಂಪಾಗುವುದು ದೂರದ ಮಾತು, ಸರಿಸಮ ಆದರೆ ಪುಣ್ಯ. ಒಳಗೆ ಬಂದ ಬೆಳಕು ನೆಲ, ಕುರ್ಚಿಗಳಿಗೆ ತಾಗಿ ಶಾಖವಾಗುತ್ತದೆ. ಆ ಶಾಖವನ್ನು ಗಾಜು ಬಂದ ದಾರಿಯಲ್ಲಿ ವಾಪಸ್ ಬಿಡುವುದಿಲ್ಲ. ನಿಲ್ಲಿಸಿದ ಕಾರಿನ ಬಾಗಿಲು ಮಧ್ಯಾಹ್ನ ತೆಗೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾಗಿ ನನ್ನ ಮಾತು ಇಷ್ಟೇ. ಚಾವಣಿ ಗಟ್ಟಿಯಾಗಿರಲಿ, ಅದರ ಹೊಟ್ಟೆಯಲ್ಲಿ ಶಾಖ ತಡೆಯುವ ಪದರ ಇರಲಿ, ಮೇಲಿನ ಬಣ್ಣ ಬಿಳಿಯಾಗಿರಲಿ. ಬೆಳಕು ಗೋಡೆಯಿಂದ ಬರಲಿ. ನಕ್ಷತ್ರ ನೋಡಲು ಅಂಗಳಕ್ಕೆ ಹೋದರಾಯಿತು.

ಗಾಜಿನ ಬದಲು ಪಾಲಿಕಾರ್ಬೊನೇಟ್ ಅನ್ನುವ ಗಟ್ಟಿ ಪ್ಲಾಸ್ಟಿಕ್ ಹಾಳೆ ಹಾಕಬಹುದಲ್ವಾ ಅಂತ ಕೇಳುವವರಿದ್ದಾರೆ. ಹಾಕಬಹುದು. ಆದರೆ ಅದು ಬಿಸಿಲಿಗೆ ಗಾಜಿಗಿಂತ ಏಳು ಪಟ್ಟು ಹಿಗ್ಗುತ್ತದೆ. ಮೂರು ಮೀಟರ್ ಉದ್ದದ ಹಾಳೆಯ ಬಿಸಿ 40 ಡಿಗ್ರಿಯಷ್ಟು ಏರಿದರೆ ಅದು ಎಂಟು ಮಿಲಿಮೀಟರ್ ಉದ್ದವಾಗುತ್ತದೆ. ಸ್ಕ್ರೂ ತೂತನ್ನು ದೊಡ್ಡದಾಗಿ ಬಿಡದೆ ಬಿಗಿದರೆ ಹಾಳೆ ಉಬ್ಬುತ್ತದೆ, ಸ್ಕ್ರೂ ಸುತ್ತ ಬಿರುಕು ಬಿಡುತ್ತದೆ. ಮಳೆ ಬಂದಾಗ ಡೋಲು ಬಾರಿಸಿದ ಹಾಗೆ ಸದ್ದು ಬೇರೆ.

ಇನ್ನು ಗೋಡೆ. ಪಡುವಣ ಬದಿಯ ಗೋಡೆ ಎಲ್ಲಕ್ಕಿಂತ ತಂಟೆಕೋರ. ಸಂಜೆ ಬಿಸಿಲು ತಗ್ಗಿ ಅಡ್ಡಕ್ಕೆ ಬರುತ್ತದೆ. ಸೂರು ಎಷ್ಟು ಮುಂದೆ ಚಾಚಿದ್ದರೂ ಅದರ ಕೆಳಗಿನಿಂದ ನುಸುಳುತ್ತದೆ. ಒಳಗಿನಿಂದ ಪರದೆ ಎಳೆದರೆ ಕಣ್ಣಿಗೆ ಹಿತ, ಅಷ್ಟೇ. ಶಾಖ ಆಗಲೇ ಗಾಜು ದಾಟಿ ಒಳಗೆ ಬಂದು ಕೂತಿರುತ್ತದೆ. ತಡೆ ಇರಬೇಕಾದದ್ದು ಗಾಜಿನ ಹೊರಗೆ. ಹಾಗಂತ ಸೂರನ್ನು ಬೇಕಾದಷ್ಟು ಚಾಚಲೂ ಆಗದು. ಸೂರಿನ ಅಡಿಗೆ ನುಗ್ಗಿದ ಗಾಳಿಗೆ ಅದೇ ಹಿಡಿಕೆ. ಇಲ್ಲಿ ನನಗೆ ಬಹಳ ಇಷ್ಟವಾದ ಉಪಾಯ ಒಂದಿದೆ. ಗಾಜಿನ ಹೊರಗೆ ಪಟ್ಟಿಪಟ್ಟಿಯ ಗಟ್ಟಿ ಅಲ್ಯೂಮಿನಿಯಂ ಶಟರ್. ದಿನಾಲೂ ಅದು ನೆರಳಿಗೆ. ಬಿರುಗಾಳಿಯ ದಿನ ಅದನ್ನೇ ಮುಚ್ಚಿ ಚಿಲಕ ಹಾಕಿದರೆ ಗಾಜಿಗೆ ಗುರಾಣಿ. ಆದರೆ ಕೊಳ್ಳುವಾಗ ಬಿರುಗಾಳಿಯ ಪರೀಕ್ಷೆ ಪಾಸಾದದ್ದೇ ಅಂತ ಕೇಳಿ ತಿಳಿದುಕೊಳ್ಳಿ. ಬರೀ ಅಂದಕ್ಕೆ ಮಾಡಿದ ಶಟರುಗಳೂ ನೋಡಲು ಹಾಗೇ ಇರುತ್ತವೆ.

ಸೆಕೆಗೆ ಇನ್ನೊಂದು ಮದ್ದು ಗಾಳಿಯ ಓಡಾಟ. ಕಡಲ ಗಾಳಿ ಬರುವ ಬದಿಗೆ ಕಿಟಕಿ ಇಟ್ಟರಷ್ಟೇ ಸಾಲದು, ಅದು ಹೊರಗೆ ಹೋಗಲು ಎದುರು ಬದಿಗೂ ದಾರಿ ಬೇಕು. ಬಿಸಿ ಗಾಳಿ ಮೇಲೇರುವುದರಿಂದ ಹೋಗುವ ದಾರಿ ಆದಷ್ಟು ಎತ್ತರದಲ್ಲಿರಲಿ. ಒಂದು ಸೀಲಿಂಗ್ ಫ್ಯಾನ್, ಕಿಟಕಿಗೆ ಸೊಳ್ಳೆ ಜಾಲರಿ. ವರ್ಷದಲ್ಲಿ ಹೆಚ್ಚಿನ ದಿನ ಎಸಿ ನೆನಪೂ ಆಗದು.

ಈಗ ಬಿರುಗಾಳಿಗೆ ಬರೋಣ. ರೇಡಿಯೋದಲ್ಲಿ ಚಿತ್ರ ತೋರಿಸಲು ಆಗುವುದಿಲ್ಲ. ಹಾಗಾಗಿ ಒಂದು ಕೊಡೆಯನ್ನು ನೆನಪು ಮಾಡಿಕೊಳ್ಳಿ. ಗಾಳಿ ಕೊಡೆಯ ಬೆನ್ನಿಗೆ ಬಡಿಯುವಾಗ ಹೇಗೋ ತಡೆದುಕೊಳ್ಳುತ್ತೀರಿ. ಒಂದು ಸಲ ಒಳಗೆ ಹೊಕ್ಕಿತೋ, ಕೊಡೆ ಉಲ್ಟಾ. ಮನೆಯ ಕಥೆಯೂ ಇದೇ. ಚಾವಣಿಯ ಮೇಲೆ ಹಾದು ಹೋಗುವ ಗಾಳಿ ಅದನ್ನು ಮೇಲಕ್ಕೆ ಹೀರುತ್ತಿರುತ್ತದೆ. ಅದೇ ಹೊತ್ತಿಗೆ ಒಂದು ಗಾಜು ಒಡೆದು ಗಾಳಿ ಒಳಗೆ ನುಗ್ಗಿದರೆ ಕೆಳಗಿನಿಂದಲೂ ಒತ್ತುತ್ತದೆ. ಎರಡೂ ಸೇರಿದಾಗ ಚಾವಣಿ ಹಾರುತ್ತದೆ.

ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟು. ಎರಡು ಮೀಟರ್ ಎತ್ತರ, ಒಂದು ಮೀಟರ್ ಅಗಲದ ಗಾಜಿನ ಬಾಗಿಲನ್ನು ಗಂಟೆಗೆ 100 ಕಿಲೋಮೀಟರ್ ಗಾಳಿ ಸುಮಾರು 100 ಕಿಲೋ ಭಾರದಿಂದ ತಳ್ಳುತ್ತದೆ. ಗಾಳಿ 200ಕ್ಕೆ ಏರಿದರೆ ಅದು 400 ಕಿಲೋದ ಹತ್ತಿರ. ನಮ್ಮ 12 ಚದರ ಮೀಟರ್ ಚಾವಣಿಯನ್ನು ಅಂಥ ಗಾಳಿ ಎತ್ತುವ ಬಲ ಎರಡು ಟನ್ ದಾಟಬಹುದು. ಹಗುರ ಪ್ಯಾನೆಲ್ಲಿನ ಚಾವಣಿಯ ಸ್ವಂತ ತೂಕ ಇನ್ನೂರು ಕಿಲೋ ಇದ್ದರೆ ಹೆಚ್ಚು. ಅಂದರೆ ಈ ಕೋಣೆಯ ಪಾಯದ ಕೆಲಸ ಅದನ್ನು ಹೊರುವುದಲ್ಲ, ಹಾರದಂತೆ ಹಿಡಿದುಕೊಳ್ಳುವುದು. ಚಾವಣಿಯಿಂದ ತೊಲೆಗೆ, ತೊಲೆಯಿಂದ ಕಂಬಕ್ಕೆ, ಕಂಬದಿಂದ ಪಾಯಕ್ಕೆ ಲೋಹದ ಪಟ್ಟಿ, ಬೋಲ್ಟುಗಳ ಸರಪಳಿ ಎಲ್ಲೂ ತುಂಡಾಗಬಾರದು. ಅಂಗಳಕ್ಕೆ ಹಾಕಿದ ಹಳೆಯ ತೆಳು ಕಾಂಕ್ರೀಟಿನ ಮೇಲೆಯೇ ಕಂಬ ನಿಲ್ಲಿಸುತ್ತೇವೆ, ಖರ್ಚು ಉಳಿಯುತ್ತೆ ಅನ್ನುವವರು ಬರುತ್ತಾರೆ. ಒಪ್ಪಬೇಡಿ. ನಿಮ್ಮ ಜಾಗಕ್ಕೆ ಗಾಳಿಯ ವೇಗ ಎಷ್ಟು ಹಿಡಿಯಬೇಕು ಅನ್ನುವುದು ಕಟ್ಟಡ ನಿಯಮದಲ್ಲಿ ಇರುತ್ತದೆ. ಎಂಜಿನಿಯರ್ ಹತ್ತಿರ ಅದನ್ನು ಹಿಡಿದೇ ಲೆಕ್ಕ ಮಾಡಿಸಿ.

1992ರ ಆಗಸ್ಟ್ 24ರಂದು ಆಂಡ್ರೂ ಎಂಬ ಚಂಡಮಾರುತ ಅಮೆರಿಕದ ದಕ್ಷಿಣ ಫ್ಲೋರಿಡಾಕ್ಕೆ ಅಪ್ಪಳಿಸಿತು. ಎಷ್ಟೋ ಮನೆಗಳು ಹೀಗೇ, ಕಿಟಕಿ ಬಾಗಿಲು ಒಡೆದು ಚಾವಣಿ ಕಳೆದುಕೊಂಡವು. ಆಮೇಲೆ ಅಲ್ಲಿ ನಿಯಮ ಬಿಗಿಯಾಯಿತು. ಈಗ ಅಲ್ಲಿ ಗಾಜನ್ನು ಪರೀಕ್ಷಿಸುವ ರೀತಿ ಕೇಳಿದರೆ ನಗು ಬರಬಹುದು. ನಾಲ್ಕು ಕಿಲೋ ತೂಕದ ಮರದ ರೀಪನ್ನು ಫಿರಂಗಿಯಂಥ ಒಂದು ಯಂತ್ರದಲ್ಲಿಟ್ಟು, ಗಂಟೆಗೆ 55 ಕಿಲೋಮೀಟರ್ ವೇಗದಲ್ಲಿ ಗಾಜಿಗೆ ಹೊಡೆಯುತ್ತಾರೆ. ಆಮೇಲೆ ಅದೇ ಗಾಜನ್ನು ಸಾವಿರಾರು ಸಲ ತಳ್ಳಿ ಎಳೆಯುತ್ತಾರೆ. ಗಾಜು ಸೀಳಿದರೂ ಪರವಾಗಿಲ್ಲ. ತೂತು ಬಿದ್ದು ಗಾಳಿಗೆ ದಾರಿ ಕೊಡಬಾರದು, ಅಷ್ಟೇ.

ಇಲ್ಲಿ ಬಹಳ ಜನ ಮೋಸ ಹೋಗುತ್ತಾರೆ. ಟಫನ್ ಮಾಡಿದ ಗಾಜು ಹಾಕಿಸಿದ್ದೇನೆ, ಇನ್ನೇನು ಭಯ ಅಂತಾರೆ. ಆ ಗಾಜು ಸಾದಾ ಗಾಜಿಗಿಂತ ನಾಲ್ಕು ಪಟ್ಟು ಗಟ್ಟಿ, ನಿಜ. ಆದರೆ ಒಡೆದಾಗ ಕಲ್ಲುಸಕ್ಕರೆಯ ಹಾಗೆ ಪುಡಿಪುಡಿಯಾಗಿ ಉದುರುತ್ತದೆ. ಕೈ ಕುಯ್ಯದೇ ಇರಬಹುದು, ಆದರೆ ಚೌಕಟ್ಟು ಖಾಲಿ. ಗಾಳಿ ಒಳಗೆ. ಬೇಕಾದದ್ದು ಲ್ಯಾಮಿನೇಟೆಡ್ ಗಾಜು. ಎರಡು ಗಾಜಿನ ನಡುವೆ ಅಂಟಾದ ಪ್ಲಾಸ್ಟಿಕ್ ಪದರ ಇರುತ್ತದೆ. ಒಡೆದರೂ ಚೂರುಗಳು ಅದಕ್ಕೆ ಕಚ್ಚಿಕೊಂಡು ಚೌಕಟ್ಟಲ್ಲೇ ಉಳಿಯುತ್ತವೆ. ಇದು ಹುಟ್ಟಿದ್ದು ಕೈತಪ್ಪಿನಿಂದ. 1903ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಎದುವಾರ್ ಬೆನೆಡಿಕ್ಟಸ್ ಅವರ ಪ್ರಯೋಗಶಾಲೆಯಲ್ಲಿ ಗಾಜಿನ ಬುರುಡೆಯೊಂದು ಕೆಳಗೆ ಬಿತ್ತು. ಒಡೆಯಿತು, ಆದರೆ ಚೆದುರಲಿಲ್ಲ. ಒಳಗೆ ಒಣಗಿ ಹೋಗಿದ್ದ ಸೆಲ್ಯುಲೋಸ್ ನೈಟ್ರೇಟಿನ ಪೊರೆ ಚೂರುಗಳನ್ನು ಹಿಡಿದಿಟ್ಟುಕೊಂಡಿತ್ತು. ಲ್ಯಾಮಿನೇಟೆಡ್ ಗಾಜಿಗೆ ಬಿಸಿಲಿನ ಶಾಖ ತಡೆಯುವ ಲೇಪನವೂ ಸಿಗುತ್ತದೆ. ಒಳ್ಳೆಯದು ಬರುವ ಶಾಖದಲ್ಲಿ ಕಾಲು ಭಾಗದಷ್ಟನ್ನು ಮಾತ್ರ ಒಳಗೆ ಬಿಡುತ್ತದೆ. ನಡುವಿನ ಪ್ಲಾಸ್ಟಿಕ್ ಪದರ ನೇರಳಾತೀತ ಕಿರಣವನ್ನೂ ಬಹುಪಾಲು ತಡೆಯುವುದರಿಂದ ಸೋಫಾದ ಬಟ್ಟೆ ಬೇಗ ಬಣ್ಣಗೆಡುವುದಿಲ್ಲ. ಬೆಲೆ ಜಾಸ್ತಿ. ದುಡ್ಡು ಸಾಲದಿದ್ದರೆ ಗಾಜಿನ ಅಳತೆ ಕಡಿಮೆ ಮಾಡಿ, ಗುಣವನ್ನಲ್ಲ. ಸೊಂಟದ ಎತ್ತರದ ತನಕ ಗಟ್ಟಿ ಗೋಡೆ ಬಂದರೂ ಕೂತವರಿಗೆ ಅಲೆ ಕಾಣುತ್ತದೆ.

ಗಾಳಿಯ ಜೊತೆ ಮಳೆಯೂ ಬರುತ್ತದೆ, ಅದೂ ಅಡ್ಡಡ್ಡ. ಆಗಲೇ ಹೇಳಿದ 100 ಕಿಲೋಮೀಟರ್ ಗಾಳಿ ನೀರನ್ನು ಸುಮಾರು ಐದು ಸೆಂಟಿಮೀಟರ್ ಎತ್ತರಕ್ಕೆ ತಳ್ಳಬಲ್ಲದು. ಸರಿಸುವ ಕಿಟಕಿ ಓಡುವ ಕಂಬಿಯ ಅಂಚು ಎರಡೇ ಸೆಂಟಿಮೀಟರ್ ಎತ್ತರ ಇದ್ದರೆ ನೀರು ಅದನ್ನು ಹತ್ತಿ ಒಳಗೆ ಇಳಿಯುತ್ತದೆ. ಹಾಗಾಗಿ ಗಾಳಿ ಬರುವ ಬದಿಗೆ ಸರಿಸುವ ಕಿಟಕಿಗಿಂತ ಹೊರಕ್ಕೆ ತೆರೆದುಕೊಳ್ಳುವ ಕಿಟಕಿ, ಬಾಗಿಲು ವಾಸಿ. ಗಾಳಿ ತಳ್ಳಿದಷ್ಟೂ ಅವು ಚೌಕಟ್ಟಿಗೆ ಬಿಗಿಯಾಗಿ ಒತ್ತಿಕೊಳ್ಳುತ್ತವೆ. ಕಂಬಿಯಲ್ಲಿ ನೀರು ಹೊರಗೆ ಹೋಗಲು ಸಣ್ಣ ಸಣ್ಣ ತೂತುಗಳಿರುತ್ತವೆ. ಸೋರುತ್ತದೆ ಅಂತ ಅವಕ್ಕೇ ಸಿಲಿಕೋನ್ ಅಂಟು ಮೆತ್ತಿದವರನ್ನು ಕಂಡಿದ್ದೇನೆ. ಸೋರಿಕೆ ಇನ್ನೂ ಜೋರಾಗಿತ್ತು! ಕೋಣೆಯ ನೆಲ ಮನೆಯ ನೆಲಕ್ಕಿಂತ ಒಂದು ಮೆಟ್ಟಿಲು ಕೆಳಗಿರಲಿ, ಹೊರಕ್ಕೆ ಇಳಿಜಾರು ಇರಲಿ. ಕರೆಂಟಿನ ಪಾಯಿಂಟುಗಳು ಎತ್ತರದಲ್ಲಿರಲಿ.

ಬಿರುಗಾಳಿ ಯಾವಾಗಲೋ ಬರುತ್ತದೆ. ಉಪ್ಪು ದಿನಾಲೂ ಬರುತ್ತದೆ. ನನ್ನದೇ ಮೊದಲ ಕೋಣೆಯಲ್ಲಿ ನಾನು ಅಲ್ಯೂಮಿನಿಯಂ ಚೌಕಟ್ಟಿಗೆ ಸಾದಾ ಉಕ್ಕಿನ ಸ್ಕ್ರೂ ಹಾಕಿಸಿದ್ದೆ. ಎರಡೇ ವರ್ಷ. ಒಂದು ದಿನ ಸುಮ್ನೆ ಬೆರಳಲ್ಲಿ ಉಜ್ಜಿದೆ, ಸ್ಕ್ರೂ ತಲೆ ಕೈಗೇ ಬಂತು. ಸುತ್ತ ಸುಣ್ಣದಂಥ ಬಿಳಿ ಪುಡಿ. ಎರಡು ಬೇರೆ ಬೇರೆ ಲೋಹ, ನಡುವೆ ಉಪ್ಪು ನೀರು. ಅಲ್ಲಿಗೆ ಬ್ಯಾಟರಿ ಆಯಿತಲ್ಲ! ಒಂದು ಲೋಹ ಕರಗುತ್ತಲೇ ಇರುತ್ತದೆ. ಕಡಲ ಬದಿಗೆ 316 ಅನ್ನುವ ಸ್ಟೇನ್‌ಲೆಸ್ ಉಕ್ಕು ಬೇಕು. ಅದರಲ್ಲಿ ಮಾಲಿಬ್ಡಿನಮ್ ಇರುತ್ತದೆ, ಸಾಮಾನ್ಯ 304ರಲ್ಲಿ ಇರುವುದಿಲ್ಲ. ಅದನ್ನು ಹಾಕಿದರೂ ಎರಡು ಲೋಹಗಳ ನಡುವೆ ನೈಲಾನ್ ವಾಷರ್ ಇರಲಿ. ಕಾಂಕ್ರೀಟಿಗೆ ತೊಳೆಯದ ಕಡಲ ಮರಳು ಬೇಡವೇ ಬೇಡ. ಅದರ ಉಪ್ಪಿಗೆ ಒಳಗಿನ ಉಕ್ಕಿನ ಕಂಬಿ ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟನ್ನೇ ಒಡೆಯುತ್ತದೆ. ಇನ್ನೊಂದು ವಿಚಿತ್ರ ಗೊತ್ತಾ? ಮಳೆಗೆ ತೋಯುವ ಜಾಗಕ್ಕಿಂತ ಸೂರಿನ ಅಡಿಯ ಒಣ ಜಾಗವೇ ಬೇಗ ಹಾಳಾಗುತ್ತದೆ. ಮಳೆ ಉಪ್ಪನ್ನು ತೊಳೆಯುತ್ತದೆ, ಅಡಿಯಲ್ಲಿ ತೊಳೆಯುವವರಿಲ್ಲ. ತಿಂಗಳಿಗೊಮ್ಮೆ ಪೈಪ್ ಹಿಡಿದು ಸಿಹಿ ನೀರು ಬಿಡಿ, ಮುಖ್ಯವಾಗಿ ಆ ಅಡಿಭಾಗಕ್ಕೆ.

ಇಷ್ಟೆಲ್ಲ ಮಾಡಿದ ಮೇಲೂ ಒಂದು ಮಾತು ಉಳಿಯಿತು. ಬಹಳ ಜನ ಮನೆಗೂ ಈ ಕೋಣೆಗೂ ನಡುವಿನ ಗೋಡೆ ಒಡೆದು ಒಂದೇ ಮಾಡುತ್ತಾರೆ. ವಿಶಾಲವಾಗಿ ಕಾಣುತ್ತದೆ ಅಂತ. ದಯವಿಟ್ಟು ಬೇಡ. ಆ ಗೋಡೆ ಮನೆಯ ಹೊರಗೋಡೆಯಾಗಿಯೇ ಉಳಿಯಲಿ. ಅಲ್ಲಿ ಬೀದಿ ಬಾಗಿಲಿನಷ್ಟೇ ಗಟ್ಟಿಯಾದ ಬಾಗಿಲು ಇರಲಿ. ಮನೆಯ ಚಾವಣಿ ಬೇರೆ, ಕೋಣೆಯ ಚಾವಣಿ ಬೇರೆ, ನಡುವಿನ ಸಂದಿಗೆ ತಗಡಿನ ಹೊದಿಕೆ. ಬಿರುಗಾಳಿ ಕೋಣೆಯನ್ನು ಕಿತ್ತುಕೊಂಡು ಹೋದರೂ ಮನೆ ಮನೆಯಾಗಿ ಉಳಿಯಬೇಕು. ಸೆಕೆಯ ಮಧ್ಯಾಹ್ನಗಳಲ್ಲೂ ಅದೇ ಬಾಗಿಲು ಹಾಕಿಕೊಂಡರೆ ಕೋಣೆಯ ಕಾವು ಮನೆಗೆ ಬಾರದು.

ಬಿರುಗಾಳಿಯ ಮುನ್ಸೂಚನೆ ಬಂದ ದಿನ ಕುಂಡ, ಕುರ್ಚಿ ಒಳಗೆ ತನ್ನಿ. ಹೊರಗಿರುವ ಪ್ರತಿ ಕುಂಡವೂ ಗಾಳಿಯ ಕೈಯಲ್ಲಿ ಕಲ್ಲು. ಗಾಜಿಗೆ ಅಂಟುಪಟ್ಟಿ ಹಚ್ಚುವುದರಿಂದ ಏನೂ ಪ್ರಯೋಜನವಿಲ್ಲ. ಒತ್ತಡ ಸರಿಹೋಗಲಿ ಅಂತ ಕಿಟಕಿ ತೆರೆದಿಡುವುದಂತೂ ಗಾಳಿಗೆ ನಾವೇ ಕರೆ ಕೊಟ್ಟ ಹಾಗೆ. ಶಟರ್ ಮುಚ್ಚಿ, ನಡುವಿನ ಬಾಗಿಲಿನ ಚಿಲಕ ಹಾಕಿ, ಕಿಟಕಿ ಇಲ್ಲದ ಒಳಕೋಣೆಗೆ ಹೋಗಿ ಕೂರಿ. ಊರು ಬಿಡಿ ಅಂತ ಹೇಳಿದ್ದರೆ ಬಿಟ್ಟು ಹೊರಡಿ. ಮನೆಯಲ್ಲೇ ಇದ್ದು, ನಡುವೆ ಒಮ್ಮೆಗೇ ಗಾಳಿ ನಿಂತು ಆಕಾಶ ತಿಳಿಯಾದರೆ, ಶಟರ್ ತೆರೆದು ನೋಡೋಣ ಅನ್ನಿಸುತ್ತದೆ. ತೆರೆಯಬೇಡಿ. ಅದು ಚಂಡಮಾರುತದ ಕಣ್ಣು ಇದ್ದರೂ ಇರಬಹುದು. ಅದು ದಾಟಿದ ಕೂಡಲೇ ಅಷ್ಟೇ ಜೋರಿನ ಗಾಳಿ ಈ ಸಲ ಎದುರು ದಿಕ್ಕಿನಿಂದ ಬರುತ್ತದೆ.

ನಮಸ್ಕಾರ.