ಗಣಿ ನೋಡಲು ಇಳಿಯಲೇಬೇಕು

ಕೇಳುಗರಿಗೆ ನಮಸ್ಕಾರ. ಗಣಿ ಎಂದರೆ ಮೇಲೆ ಕಾಣುವ ರಾಟೆಯ ಗೋಪುರವಲ್ಲ. ಗಣಿ ಇರುವುದು ಕೆಳಗೆ. ಅದನ್ನು ಮ್ಯೂಸಿಯಂ ಮಾಡುವವರು ಜನರನ್ನು ಕೆಳಗೆ ಇಳಿಸಬೇಕು. ನನಗೆ ಹೇಳಲಿಕ್ಕಿರುವುದು ಇಷ್ಟೇ. ಇದನ್ನೇ ಮತ್ತೆ ಮತ್ತೆ ಹೇಳುತ್ತೇನೆ, ಬೇಸರಿಸಬೇಡಿ.

ಬ್ರಿಟನ್ನಿನ ವೇಲ್ಸ್‌ನಲ್ಲಿ ಬಿಗ್ ಪಿಟ್ ಎಂಬ ಕಲ್ಲಿದ್ದಲು ಗಣಿಯಿದೆ. 1980ರಲ್ಲಿ ಮುಚ್ಚಿತು, 1983ರಲ್ಲಿ ಮ್ಯೂಸಿಯಂ ಆಯಿತು. ಒಳಗೆ ಕರೆದೊಯ್ಯುವವರು ಗಣಿಯಲ್ಲಿ ದುಡಿದವರೇ.

ನಾನು ಹೋದಾಗ ತಲೆಗೆ ಹೆಲ್ಮೆಟ್, ಹಣೆಗೆ ದೀಪ, ಸೊಂಟಕ್ಕೆ ಬ್ಯಾಟರಿ ಕಟ್ಟಿದರು. ಮೊಬೈಲ್ ತೆಗೆದಿಟ್ಟರು. ಕೈಗಡಿಯಾರವನ್ನೂ ಬಿಚ್ಚಿಸಿದರು. "ಇದು ಈಗ ಮ್ಯೂಸಿಯಂ ಅಲ್ಲವೇ?" ಎಂದೆ. "ಅದು ನಿಮಗೆ ಗೊತ್ತು, ಮೀಥೇನ್ ಅನಿಲಕ್ಕೆ ಗೊತ್ತಿಲ್ಲವಲ್ಲ" ಎಂದರು ನಮ್ಮನ್ನು ಕರೆದೊಯ್ಯುತ್ತಿದ್ದ ಹಿರಿಯರು. ಮೊಬೈಲಿನ, ಗಡಿಯಾರದ ಬ್ಯಾಟರಿಯ ಒಂದು ಕಿಡಿ ಸಾಕು, ಕಲ್ಲಿದ್ದಲಿನಿಂದ ಹೊರಬರುವ ಈ ಅನಿಲ ಹೊತ್ತಿಕೊಳ್ಳುತ್ತದೆ. ನಾನು ಗಣಿಶಾಸ್ತ್ರ ಪಾಠ ಮಾಡಿದವನು, ನಾಚಿಕೆಯಾಯಿತು.

ಕಬ್ಬಿಣದ ಪಂಜರದಲ್ಲಿ 90 ಮೀಟರ್ ಇಳಿದೆವು. ಜೊತೆಗೆ ಒಂದು ಶಾಲೆಯ ಮಕ್ಕಳು, ವಿಪರೀತ ಗಲಾಟೆ. ಒಂದು ಮರದ ಬಾಗಿಲ ಬಳಿ ಹಿರಿಯರು ದೀಪ ಆರಿಸಲು ಹೇಳಿದರು. ಎಲ್ಲರೂ ಆರಿಸಿದೆವು. ಗಲಾಟೆ ತಟ್ಟನೆ ನಿಂತಿತು. ಎಲ್ಲೋ ನೀರು ತೊಟ್ಟಿಕ್ಕುವ ಸದ್ದು ಮಾತ್ರ. ಪಕ್ಕದಿಂದ ಒಂದು ಪುಟ್ಟ ಕೈ ಬಂದು ನನ್ನ ಬೆರಳು ಹಿಡಿಯಿತು. ಕತ್ತಲಲ್ಲೇ ಹಿರಿಯರು ಹೇಳಿದರು: ಹಿಂದೆ ಗಣಿಗಳಲ್ಲಿ ಇಂಥ ಬಾಗಿಲುಗಳನ್ನು ತೆರೆದು ಮುಚ್ಚಲು ಆರೇಳು ವರ್ಷದ ಮಕ್ಕಳು ದಿನವಿಡೀ ಕೂರುತ್ತಿದ್ದರು. ಹತ್ತು ವರ್ಷದೊಳಗಿನ ಹುಡುಗರನ್ನೂ ಹೆಂಗಸರನ್ನೂ ಗಣಿಯೊಳಗೆ ದುಡಿಸಬಾರದೆಂಬ ಕಾನೂನು ಬಂದದ್ದು 1842ರಲ್ಲಿ. ದೀಪ ಹೊತ್ತಿತು. ಹುಡುಗ ಬೆರಳು ಬಿಟ್ಟು, ಏನೂ ಆಗದವನಂತೆ ಬೇರೆ ಕಡೆ ನೋಡಿದ. ಇದನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟು ತೋರಿಸಿ ನೋಡೋಣ!

ಹೊತ್ತು ಮೀರುತ್ತಿದೆ ಎಂದು ಸನ್ನೆ ಮಾಡುತ್ತಿದ್ದಾರೆ. ಕುದುರೆ ಲಾಯಗಳ ಬಗ್ಗೆ, ಕಾರ್ಮಿಕರಿಗಾಗಿ 1939ರಲ್ಲಿ ಕಟ್ಟಿದ ಸ್ನಾನಗೃಹದ ಬಗ್ಗೆ ಹೇಳಬೇಕಿತ್ತು. 2000ದಲ್ಲಿ ಆ ಇಡೀ ಪ್ರದೇಶ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು ಎಂಬಷ್ಟನ್ನು ಹೇಳಿ ಬಿಡುತ್ತೇನೆ.

ಆದರೆ ಕೋಲಾರದ ಮಾತೊಂದಿದೆ. ನಮ್ಮ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಮೂರು ಕಿಲೋಮೀಟರಿಗೂ ಹೆಚ್ಚು ಆಳ. ಕೆಳಗೆಲ್ಲ ನೀರು ತುಂಬಿದೆ. ಅಷ್ಟು ಆಳಕ್ಕೆ ಜನರನ್ನು ಇಳಿಸಿ ಎಂದು ನಾನು ಕೇಳುತ್ತಿಲ್ಲ. 90 ಮೀಟರ್ ಸಾಕು. ನಮಸ್ಕಾರ.