ಸೇತುವೆ ದಾಟಿದ ಮೇಲೆ ಇಳಿದು ನಡೆಯಿರಿ

ಕೇಳುಗರಿಗೆಲ್ಲ ನಮಸ್ಕಾರ.

ಮೈಸೂರು ಕಡೆಯಿಂದ ಬರುವವರು ಕೊಪ್ಪ ದಾಟಿ ಸೇತುವೆ ಹತ್ತಿದ ಕೂಡಲೇ 'ಕೊಡಗು ಬಂತು' ಅನ್ನುತ್ತಾರೆ. ಅನ್ನುವುದಷ್ಟೇ, ನಿಲ್ಲುವುದಿಲ್ಲ. ಕುಶಾಲನಗರದಲ್ಲಿ ಒಂದು ಕಾಫಿ ಕುಡಿದು, ಪೆಟ್ರೋಲು ಹಾಕಿಸಿಕೊಂಡು, ಸುಂಟಿಕೊಪ್ಪದ ಏರು ಹತ್ತಿ ಮಡಿಕೇರಿಗೆ ಹೋಗಿಬಿಡುತ್ತಾರೆ. ಸ್ವಲ್ಪ ಪುರಸೊತ್ತು ಇದ್ದವರು ಎರಡು ಕಿಲೋಮೀಟರು ಆಚೆಗಿನ ನಿಸರ್ಗಧಾಮಕ್ಕೆ ಹೋಗಿ ತೂಗುಸೇತುವೆ ಮೇಲೆ ಫೋಟೋ ತೆಗೆಸಿಕೊಳ್ಳುತ್ತಾರೆ. ಆದರೆ ಅದೇ ಕುಶಾಲನಗರದಲ್ಲಿ, ಹೆದ್ದಾರಿಯಿಂದ ನಾಲ್ಕು ಹೆಜ್ಜೆ ಒಳಗೆ, ಕಾವೇರಿ ಹೊಳೆ ಕಡೆಗೆ ಒಂದು ಹಳೆಯ ಊರಿದೆ. ಅದನ್ನು ಕಾಲ್ನಡಿಗೆಯಲ್ಲೇ ನೋಡಬೇಕು. ಇವತ್ತು ನಾನು ಹೇಳಲು ಬಂದಿರುವುದು ಇಷ್ಟೇ.

ಬೆಳಿಗ್ಗೆ ಏಳು ಗಂಟೆ ಒಳ್ಳೆಯ ಹೊತ್ತು. ಸೇತುವೆಯಿಂದಲೇ ಶುರು ಮಾಡಿ. ಭಾಗಮಂಡಲದಿಂದ ಪೂರ್ವಕ್ಕೆ ಹರಿದು ಬಂದ ಕಾವೇರಿ ಈ ಭಾಗದಲ್ಲಿ ಉತ್ತರಕ್ಕೆ ತಿರುಗುತ್ತಾಳೆ. ಹಾಗಾಗಿ ಎಡದಂಡೆ ಕೊಡಗು, ಬಲದಂಡೆ ಮೈಸೂರು ಜಿಲ್ಲೆ, ಸೂರ್ಯ ಹುಟ್ಟುವುದು ಕೊಪ್ಪದ ಕಡೆ. ಈಗ ಇದು ಬರೀ ಎರಡು ಜಿಲ್ಲೆಗಳ ಗಡಿ. ಆದರೆ 1956ರ ನವೆಂಬರ್ 1ರವರೆಗೆ ಇಲ್ಲಿ ರಾಜ್ಯವೇ ಬದಲಾಗುತ್ತಿತ್ತು! ಕೊಡಗು ಆಗ 'ಸಿ' ದರ್ಜೆಯ ಬೇರೆ ರಾಜ್ಯ, ಸಿ.ಎಂ. ಪೂಣಚ್ಚ ಅದರ ಮುಖ್ಯಮಂತ್ರಿ. ಆಚೆ ದಂಡೆ ಮೈಸೂರು ರಾಜ್ಯ. ಬಟ್ಟೆ ಒಗೆಯಲು ಹೊಳೆಗೆ ಇಳಿದವರಿಗೆ ಎದುರು ಕಾಣುತ್ತಿದ್ದದ್ದು ಬೇರೆ ರಾಜ್ಯದ ಗದ್ದೆ. ಸೇತುವೆ ಮೇಲೆ ಐದು ನಿಮಿಷ ನಿಂತು ಇದನ್ನು ನೆನೆಸಿಕೊಂಡರೆ ಸಾಕು, ಈ ಜಾಗದ ಬಗ್ಗೆ ನಿಮ್ಮ ನೋಟವೇ ಬೇರೆಯಾಗುತ್ತದೆ.

ಹಿರಿಯರ ಬಾಯಲ್ಲಿ ಕುಶಾಲನಗರಕ್ಕೆ ಇನ್ನೂ 'ಫ್ರೇಜರ್‌ಪೇಟೆ' ಅನ್ನುವ ಹಳೆಯ ಹೆಸರು ಬರುತ್ತದೆ. 1834ರ ಏಪ್ರಿಲ್‌ನಲ್ಲಿ ಬ್ರಿಟಿಷರ ಸೇನೆ ಮಡಿಕೇರಿ ಕೋಟೆಗೆ ನುಗ್ಗಿತಲ್ಲ, ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ಕಂಪನಿ ಸರ್ಕಾರಕ್ಕೆ ಸೇರಿಸಿಕೊಂಡರಲ್ಲ, ಆಗ ಇದನ್ನೆಲ್ಲ ಮುಂದೆ ನಿಂತು ಮಾಡಿಸಿದ ಅಧಿಕಾರಿ ಕರ್ನಲ್ ಫ್ರೇಜರ್. ಅವನ ಹೆಸರೇ ಪೇಟೆಗೆ ಅಂಟಿಕೊಂಡಿತು. ಬ್ರಿಟಿಷ್ ಅಧಿಕಾರಿಗಳಿಗೆ ಈ ಊರು ಇಷ್ಟವಾಗಿದ್ದಕ್ಕೆ ಒಂದು ಸರಳ ಕಾರಣ ಇತ್ತು, ಅದು ಮಳೆ. ಮಡಿಕೇರಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಗದ ಪತ್ರಕ್ಕೂ ಬೂಷ್ಟು ಹಿಡಿಯುತ್ತದೆ. ಇಲ್ಲಿ ಹಾಗಿಲ್ಲ, ಬೆಟ್ಟಸಾಲು ಮಳೆಯನ್ನು ಆಚೆಗೇ ತಡೆಯುತ್ತದೆ. ಅದಕ್ಕೇ ಒಂದು ಕಾಲದಲ್ಲಿ ಮಳೆಗಾಲದ ಕಚೇರಿಗಳು ಈ ಊರಿಗೆ ಇಳಿದು ಬರುತ್ತಿದ್ದವು.

ಸೇತುವೆ ಬಿಟ್ಟು ಊರೊಳಗೆ ತಿರುಗಿದರೆ ಸದ್ದು ತಾನಾಗಿ ಕಡಿಮೆಯಾಗುತ್ತದೆ. ಎರಡು ತಿರುವು ಕಳೆದರೆ ಬಸ್ಸಿನ ಹಾರನ್ ದೂರ. ಅಲ್ಲಲ್ಲಿ ಇನ್ನೂ ಮಂಗಳೂರು ಹೆಂಚಿನ ಮನೆಗಳಿವೆ. ಮುಂದೆ ಜಗಲಿ, ಮರದ ಕಂಬ, ಬಾಗಿಲ ಬದಿಗೆ ಒಂದು ತುಳಸಿಕಟ್ಟೆ. ಪಕ್ಕದಲ್ಲೇ ಮೂರು ಮಹಡಿಯ ಹೊಸ ಕಟ್ಟಡ. ಹಳೆಯದೆಲ್ಲ ಉಳಿಯಲೇಬೇಕು ಅಂತ ಹಟ ಹಿಡಿಯುವುದು ತಪ್ಪು, ಅದರಲ್ಲಿ ಸಂಸಾರ ಮಾಡುವವರ ಕಷ್ಟ ಅವರಿಗೇ ಗೊತ್ತು. ಆದರೆ ಜಗಲಿ ಹೋದರೆ ಬೀದಿ ಜೊತೆ ಮನೆಯ ಮಾತು ನಿಂತುಹೋಗುತ್ತದೆ, ಅಲ್ವಾ? ಗೇಟಿನ ಒಳಗಿಂದ ಯಾರೂ ದಾರಿಹೋಕರನ್ನು ಮಾತಾಡಿಸುವುದಿಲ್ಲ.

ಜಗಲಿಯಲ್ಲಿ ಕೂತವರು ಮಾತಾಡಿಸುತ್ತಾರೆ. ಹೊಳೆ ಹತ್ತಿರದ ಒಂದು ಬೀದಿಯಲ್ಲಿ ಹಾಗೇ ಒಬ್ಬ ಅಜ್ಜಿ ಕೇಳಿದರು, "ಯಾರ ಮನೆ ಹುಡುಕ್ತಿದ್ದೀರಿ?" ಯಾರ ಮನೆಯೂ ಅಲ್ಲ ಅಜ್ಜಿ, ಸುಮ್ನೆ ಊರು ನೋಡ್ತಿದ್ದೀನಿ ಅಂದೆ. "ಊರು ನೋಡೋದಾದ್ರೆ ಇದನ್ನ ನೋಡಿ" ಅಂತ ಗೋಡೆ ತೋರಿಸಿದರು. ಸುಣ್ಣದ ಮೇಲೆ ಕಂದು ಬಣ್ಣದ ಮಾಸಲು ಗೆರೆ, ನನ್ನ ಎದೆಮಟ್ಟದಲ್ಲಿ. 2019ರ ಆಗಸ್ಟ್‌ನಲ್ಲಿ ನೀರು ನಿಂತ ಗುರುತು. ಬಳಿದರೂ ಮತ್ತೆ ಕಾಣಿಸಿಕೊಳ್ಳುತ್ತದಂತೆ. "ಅಕ್ಕಿ ಡಬ್ಬ ತೇಲ್ತಾ ಇತ್ತು, ಮೊಮ್ಮಗಳ ಪುಸ್ತಕ ಎಲ್ಲ ಹೋಯ್ತು" ಅಂದರು. ಆ ಗೆರೆ ಸಿಕ್ಕಿದ ಮೇಲೆ ಬೇರೆ ಗೋಡೆಗಳನ್ನೂ ಅದೇ ಕಣ್ಣಲ್ಲಿ ನೋಡುತ್ತಾ ಹೋದೆ. ಬೀದಿ ಹೊಳೆ ಕಡೆಗೆ ಇಳಿದಂತೆ ಗೆರೆ ಮೇಲೇರುತ್ತದೆ.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಕುಶಾಲನಗರದಲ್ಲಿ ಮಳೆ ಕಡಿಮೆ ಅಂದೆನಲ್ಲ, ಮತ್ತೆ ಪ್ರವಾಹ ಎಲ್ಲಿಂದ? ಭಾಗಮಂಡಲದ ಕಡೆ ವರ್ಷಕ್ಕೆ 5000 ಮಿಲಿಮೀಟರ್ ದಾಟುವಷ್ಟು ಮಳೆ ಸುರಿಯುತ್ತದೆ. ಆ ನೀರೆಲ್ಲ ಇಳಿದು ಬರುವುದು ಇದೇ ಹೊಳೆಗೆ. ಇಲ್ಲಿ ಆಕಾಶ ತಿಳಿಯಾಗಿದ್ದರೂ ನೀರು ಏರುತ್ತಿರಬಹುದು. ಸಾಲದ್ದಕ್ಕೆ ಸ್ವಲ್ಪ ಕೆಳಗೆ ಕೂಡಿಗೆಯಲ್ಲಿ ಹಾರಂಗಿ ಬಂದು ಸೇರುತ್ತಾಳೆ. ಅಣೆಕಟ್ಟೆಯಿಂದ ನೀರು ಬಿಟ್ಟಾಗ ಆ ಹೊಳೆಯೂ ತುಂಬಿರುತ್ತದೆ, ಆಗ ಕಾವೇರಿ ನೀರು ಬೇಗ ಮುಂದೆ ಸಾಗುವುದಿಲ್ಲ, ಹಿಂದಕ್ಕೆ ಒತ್ತಿ ಬಡಾವಣೆಗಳಿಗೆ ನುಗ್ಗುತ್ತದೆ. 2018, 2019ರಲ್ಲಿ ಸಾಯಿ ಬಡಾವಣೆ, ಕುವೆಂಪು ಬಡಾವಣೆಯವರು ಪಟ್ಟ ಪಾಡು ನಮಗೆಲ್ಲ ನೆನಪಿದೆ. ಹೊಳೆ ತನ್ನ ತಗ್ಗು ಜಾಗವನ್ನು ಮರೆಯುವುದಿಲ್ಲ. ಅಲ್ಲಿ ಸೈಟು ಮಾಡುವಾಗ ನಾವು ಹಿರಿಯರನ್ನು ಒಂದು ಮಾತು ಕೇಳಬೇಕಿತ್ತು ಅಂತ ನನಗೆ ಬಲವಾಗಿ ಅನಿಸುತ್ತದೆ.

ಅಲ್ಲಿಂದ ರಥಬೀದಿಗೆ ಬನ್ನಿ. ಕಾರ್ತಿಕ ಮಾಸದಲ್ಲಿ ಗಣಪತಿ ದೇವಸ್ಥಾನದ ತೇರು ಎಳೆಯುವುದು ಇಲ್ಲೇ. ಆಗ ಜಾತ್ರೆ ಜೋರು, ದನಗಳ ಪ್ರದರ್ಶನವೂ ಇರುತ್ತದೆ. ಉಳಿದ ದಿನ ಬೆಳಿಗ್ಗೆ ಇಲ್ಲಿ ಹೂವು ಕಟ್ಟುವವರು, ಹಾಲಿನವರು, ಶಾಲೆಗೆ ಹೊರಟ ಮಕ್ಕಳು. ಸುಮ್ಮನೆ ಕಿವಿಗೊಟ್ಟು ನಡೆಯಿರಿ. ಕನ್ನಡ, ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತಮಿಳು, ತುಳು ಎಲ್ಲ ಒಂದೇ ಬೀದಿಯಲ್ಲಿ ಕೇಳುತ್ತದೆ. ತರಕಾರಿ ಅಂಗಡಿಯಲ್ಲಿ ಬೈಲಕುಪ್ಪೆಯಿಂದ ಬಂದ ಟಿಬೆಟ್ ಭಿಕ್ಷುಗಳು ಕನ್ನಡದಲ್ಲೇ ಚೌಕಾಶಿ ಮಾಡುತ್ತಾರೆ. 1960ರ ದಶಕದಲ್ಲಿ ಹೊಳೆಯಾಚೆ ನೆಲೆ ಕಂಡವರ ಮೂರನೇ ತಲೆಮಾರು ಇದು, ಈ ಪೇಟೆ ಅವರದ್ದೂ ಹೌದು.

1980ರಿಂದ 1983ರವರೆಗೆ ರಾಜ್ಯದ ಮುಖ್ಯಮಂತ್ರಿಯಾಗಿದ್ದ ಆರ್. ಗುಂಡೂರಾವ್ ಇದೇ ಊರಿನವರು. ಅವರ ಹೆಸರಿನ ಮೈದಾನ ಇಲ್ಲಿದೆ. ಕೂಡ್ಲೂರಿನ ಕೈಗಾರಿಕಾ ಪ್ರದೇಶದಲ್ಲಿ ಕಾಫಿ ಹದ ಮಾಡುವ ಘಟಕಗಳಿವೆ. ಅದು ನಡಿಗೆಯ ದಾರಿಯಲ್ಲ, ಬಿಡಿ.

ಕೊನೆಗೆ ಮತ್ತೆ ಹೊಳೆಗೆ ಬನ್ನಿ. ಅಯ್ಯಪ್ಪ ದೇವಸ್ಥಾನದ ಹತ್ತಿರ ನೀರಿನವರೆಗೆ ಹೋಗಬಹುದು. ಹುಣ್ಣಿಮೆ ದಿನ ಅಲ್ಲಿ ಕಾವೇರಿಗೆ ಆರತಿ ಮಾಡುತ್ತಾರೆ. ಮಳೆಗಾಲದಲ್ಲಿ ಅಲ್ಲಿಗೆ ಇಳಿಯಬೇಡಿ, ಮಕ್ಕಳನ್ನಂತೂ ಬಿಡಲೇಬೇಡಿ. ಮಾರ್ಚ್ ಏಪ್ರಿಲ್‌ನಲ್ಲಿ ಹೋದರೆ ಬಂಡೆಗಳೆಲ್ಲ ಮೇಲೆ ಎದ್ದಿರುತ್ತವೆ, ನೀರು ಅವುಗಳ ನಡುವೆ ಕವಲಾಗಿ ಹರಿಯುತ್ತಿರುತ್ತದೆ. ಕೆಲವು ವರ್ಷ ಮರಳು ಮೂಟೆ ಜೋಡಿಸಿ ನೀರು ನಿಲ್ಲಿಸಿ ಊರಿಗೆ ಕುಡಿಯಲು ಎತ್ತಿದ್ದೂ ಇದೆ. ಎದೆಮಟ್ಟ ನುಗ್ಗಿದ ಅದೇ ಹೊಳೆ!

ದಂಡೆಯಲ್ಲಿ ಬೇಡದ್ದೂ ಕಾಣುತ್ತದೆ. ಚರಂಡಿ ನೀರು ಬಂದು ಸೇರುವ ಜಾಗ, ಪೊದೆಗೆ ಸಿಕ್ಕಿಕೊಂಡ ಪ್ಲಾಸ್ಟಿಕ್ ಚೀಲ, ದೇವರ ಫೋಟೋದ ಒಡೆದ ಗಾಜು. ಕಾವೇರಿ ಸಂಕ್ರಮಣದ ದಿನ ತಲಕಾವೇರಿಯಿಂದ ಬಾಟಲಿಯಲ್ಲಿ ತೀರ್ಥ ತಂದು ದೇವರ ಮುಂದೆ ಇಡುವವರು ನಾವು. ಆ ತೀರ್ಥವೇ ಹರಿದು ನಮ್ಮ ಹಿತ್ತಲಿಗೆ ಬಂದಾಗ ಹೀಗೆ ನಡೆಸಿಕೊಳ್ಳುವುದು ನೋಡಿದರೆ ಹೊಟ್ಟೆ ಉರಿಯುತ್ತದೆ. ಹೊಳೆ ದಂಡೆ ತೊಳೆದು ಗುಡಿಸಲು ರಜಾ ದಿನ ಬರುವ ಊರಿನ ಹುಡುಗರು ಇದ್ದಾರೆ. ಅವರು ಸಿಕ್ಕಿದರೆ ನಿಂತು ಒಂದು ಗಂಟೆ ಕೈ ಜೋಡಿಸಿ.

ಇನ್ನೂ ಕಾಲಲ್ಲಿ ಶಕ್ತಿ ಇದ್ದರೆ ಹಾಸನದ ದಾರಿಯಲ್ಲಿ ಕೂಡಿಗೆಗೆ ಹೋಗಿ, ಬಸ್ಸುಗಳು ಬೇಕಾದಷ್ಟು ಇವೆ. ಎರಡು ಹೊಳೆಗಳು ಸೇರುವ ಜಾಗ ನೋಡಿ. ಅಲ್ಲಿಂದ ಮುಂದೆ ಕಣಿವೆಯಲ್ಲಿ ರಾಮಲಿಂಗೇಶ್ವರ ದೇವಸ್ಥಾನವಿದೆ, ಕಾವೇರಿಗೆ ಅಡ್ಡಲಾಗಿ ಒಂದು ತೂಗುಸೇತುವೆಯೂ ಇದೆ. ಅದರ ಮೇಲೆ ನಡೆದೇ ಮೈಸೂರು ಜಿಲ್ಲೆಗೆ ದಾಟಬಹುದು. ನೀರಿನ ಬಾಟಲಿ, ಟೋಪಿ ಇಟ್ಟುಕೊಳ್ಳಿ, ಹತ್ತು ಗಂಟೆಯ ಮೇಲೆ ಈ ಕಡೆ ಬಿಸಿಲು ಜಾಸ್ತಿ.

ನಮಸ್ಕಾರ.