ಟರ್ಬೊ ಗಾತ್ರವನ್ನು ಗೇರ್‌ಬಾಕ್ಸ್ ಹೇಳಲಿ

ನಮಸ್ಕಾರ. ವಾರವಿಡೀ ಕಚೇರಿಗೆ ಹೋಗಿ ಬರುವ ಕಾರನ್ನೇ ವರ್ಷಕ್ಕೆ ಒಂದೆರಡು ಬಾರಿ ಡ್ರ್ಯಾಗ್ ಓಟಕ್ಕೂ (ನೇರ ದಾರಿಯ ವೇಗದ ಸ್ಪರ್ಧೆಗೂ) ಇಳಿಸಬೇಕೆನ್ನುವವರು ಟರ್ಬೊ (ಎಂಜಿನ್ನಿನ ಹೊಗೆಯಿಂದ ಟರ್ಬೈನ್ ಚಕ್ರ ತಿರುಗಿ, ಅದಕ್ಕೆ ಜೋಡಿಸಿದ ಕಂಪ್ರೆಸರ್ ಚಕ್ರ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ) ಆರಿಸಲು ಕುಳಿತಾಗ ಸಾಮಾನ್ಯವಾಗಿ ಮೊದಲು ಕೇಳುವುದು, ಇದು ಎಷ್ಟು ಅಶ್ವಶಕ್ತಿ ಕೊಡುತ್ತದೆ ಎಂದು. ಆ ಪ್ರಶ್ನೆಗೆ ಎರಡನೆಯ ಸ್ಥಾನ ಸಾಕು ಎಂಬುದು ನನ್ನ ಅಭಿಪ್ರಾಯ. ಒಂದನೇ ಗೇರಿನಿಂದ ಎರಡನೇ ಗೇರಿಗೆ ಬದಲಾಯಿಸಿದಾಗ ಎಂಜಿನ್ ಎಷ್ಟು ಆರ್‌ಪಿಎಂಗೆ (ನಿಮಿಷಕ್ಕೆ ಎಷ್ಟು ಸುತ್ತಿಗೆ) ಇಳಿಯುತ್ತದೆ ಎಂಬುದನ್ನು ಮೊದಲು ತಿಳಿದುಕೊಂಡರೆ, ಟರ್ಬೊದ ಗಾತ್ರ ಬಹುಮಟ್ಟಿಗೆ ಅಲ್ಲಿಯೇ ತೀರ್ಮಾನವಾಗುತ್ತದೆ.

ಲೆಕ್ಕ ಕಷ್ಟದ್ದೇನಲ್ಲ. 2 ಲೀಟರ್‌ನ ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್ನನ್ನು 7000 ಆರ್‌ಪಿಎಂವರೆಗೆ ಎಳೆದು ಗೇರ್ ಬದಲಾಯಿಸುತ್ತೀರಿ ಎಂದುಕೊಳ್ಳೋಣ. ಒಂದನೇ ಗೇರಿನ ಅನುಪಾತ 3.45, ಎರಡನೆಯದ್ದು 1.95, ಮೂರನೆಯದ್ದು 1.37 ಇರುವ ಗೇರ್‌ಬಾಕ್ಸ್‌ನಲ್ಲಿ ಮೊದಲ ಬದಲಾವಣೆಗೆ ಎಂಜಿನ್ ಸುಮಾರು 4000ಕ್ಕೂ, ಎರಡನೆಯ ಬದಲಾವಣೆಗೆ ಸುಮಾರು 4900ಕ್ಕೂ ಇಳಿಯುತ್ತದೆ. ಅಂದರೆ ಗಾಡಿ ಗೆರೆ ಬಿಟ್ಟು ಹೊರಟ ಮೇಲೆ 402 ಮೀಟರ್ ದೂರದ ಕಾಲು ಮೈಲಿ ಓಟದಲ್ಲಿ ಎಂಜಿನ್ 4000ಕ್ಕಿಂತ ಕೆಳಗೆ ಬರುವುದೇ ಇಲ್ಲ. ಹಾಗೆಂದು 5500ಕ್ಕೆ ಎಚ್ಚರಗೊಳ್ಳುವ ಟರ್ಬೊವನ್ನು ಹಾಕಿದರೆ ಎರಡನೇ ಗೇರಿನ ಮೊದಲರ್ಧವಿಡೀ ಬೂಸ್ಟ್‌ಗಾಗಿ, ಅಂದರೆ ಟರ್ಬೊ ಕೊಡುವ ಹೆಚ್ಚುವರಿ ಗಾಳಿಯೊತ್ತಡಕ್ಕಾಗಿ, ಕಾಯುವುದರಲ್ಲೇ ಕಳೆಯುತ್ತದೆ. ಡೈನೊ (ಎಂಜಿನ್ ಶಕ್ತಿ ಅಳೆಯುವ ಯಂತ್ರ) ಹಾಳೆಯ ತುದಿಯಲ್ಲಿ ಕಾಣಿಸುವ ಹೆಚ್ಚುವರಿ 30 ಅಶ್ವಶಕ್ತಿ ಆ ನಷ್ಟವನ್ನು ತುಂಬಿಕೊಡುವುದು ಅಪರೂಪ. ಇನ್ನೊಂದು ಕಡೆ, 4000ಕ್ಕೆ ಪೂರ್ಣ ಬೂಸ್ಟ್ ತಲುಪುವ ಟರ್ಬೊ 3000ದ ಆಸುಪಾಸಿನಲ್ಲೇ ಸಾಕಷ್ಟು ಗಾಳಿ ತಳ್ಳಲು ಆರಂಭಿಸಿರುತ್ತದೆ, ಹೆದ್ದಾರಿಯಲ್ಲಿ ಲಾರಿಯೊಂದನ್ನು ದಾಟಲು ಬೇಕಾಗುವುದೂ ಅದೇ. ರಸ್ತೆಯ ಬೇಡಿಕೆ ಮತ್ತು ಓಟದ ಬೇಡಿಕೆ ಒಂದನ್ನೊಂದು ಮುಟ್ಟುವ ಜಾಗ ಈ 4000.

ಈ ಗೊಂದಲ ಹೊಸದಲ್ಲ, ಕಾರ್ಖಾನೆಗಳೂ ಇದನ್ನು ಅನುಭವಿಸಿವೆ. 1973ರಲ್ಲಿ ಬಂದ ಬಿಎಂಡಬ್ಲ್ಯು 2002 ಟರ್ಬೊ ತನ್ನ 2 ಲೀಟರ್ ಎಂಜಿನ್‌ನಿಂದ 170 ಅಶ್ವಶಕ್ತಿ ತೆಗೆಯುತ್ತಿತ್ತು, ಆದರೆ ಆ ಶಕ್ತಿ ತಡವಾಗಿ, ಒಮ್ಮೆಲೇ ಬಂದು ಬೀಳುತ್ತಿತ್ತು. ಕೆಲವೇ ವರ್ಷಗಳ ನಂತರ, 1977ರಲ್ಲಿ, ಸ್ವೀಡನ್ನಿನ ಸಾಬ್ ಕಂಪನಿ ತನ್ನ 99 ಟರ್ಬೊವನ್ನು ತೋರಿಸಿದಾಗ ಅದೇ 2 ಲೀಟರ್ ಗಾತ್ರದಿಂದ 145 ಅಶ್ವಶಕ್ತಿಗೇ ತೃಪ್ತಿಪಟ್ಟಿತ್ತು. ಚಿಕ್ಕ ಟರ್ಬೊ ಹಾಕಿ, ಹೆಚ್ಚಾದ ಹೊಗೆಯನ್ನು ವೇಸ್ಟ್‌ಗೇಟ್ ಮೂಲಕ ಟರ್ಬೈನನ್ನು ತಪ್ಪಿಸಿ ಹೊರಗೆ ಬಿಟ್ಟು, ದಿನನಿತ್ಯ ಬಳಸುವ ವೇಗದಲ್ಲೇ ಎಳೆತ ಸಿಗುವಂತೆ ಮಾಡಿದ್ದರು. ಮುಂದಿನ ದಶಕಗಳಲ್ಲಿ ರಸ್ತೆಯ ಟರ್ಬೊ ಕಾರುಗಳು ಬಹುತೇಕ ಸಾಬ್‌ನ ದಾರಿಯನ್ನೇ ಹಿಡಿದವು. ಟೊಯೋಟಾ ಸುಪ್ರಾದ 2ಜೆಝಡ್ ಎಂಜಿನ್‌ನಲ್ಲಿ ಕೆಳಗಿನ ವೇಗಕ್ಕೆ ಒಂದು ಟರ್ಬೊ ದುಡಿದು, ಮೇಲಿನ ವೇಗಕ್ಕೆ ಎರಡನೆಯದೂ ಜೊತೆಗೂಡುವ ಏರ್ಪಾಡು ಇದ್ದದ್ದೂ, ಒಂದೇ ಗಾತ್ರದಿಂದ ಎಲ್ಲರನ್ನೂ ಒಪ್ಪಿಸಲಾಗದು ಎಂಬ ಕಾರಣಕ್ಕೇ.

ಈಗ ಅಶ್ವಶಕ್ತಿಯ ವಿಷಯಕ್ಕೆ ಬರೋಣ. ಗುರಿ 400 ಎಂದಿಟ್ಟುಕೊಂಡರೆ ಎಂಜಿನ್ ನಿಮಿಷಕ್ಕೆ ಸುಮಾರು 18 ಕಿಲೋಗ್ರಾಂ ಗಾಳಿಯನ್ನು ನುಂಗಬೇಕಾಗುತ್ತದೆ. 7000 ಆರ್‌ಪಿಎಂನಲ್ಲಿ ಅಷ್ಟು ಗಾಳಿಯನ್ನು 2 ಲೀಟರ್ ಎಂಜಿನ್ನಿನೊಳಗೆ ತುಂಬಲು ಇಂಟೇಕ್ ಮ್ಯಾನಿಫೋಲ್ಡ್‌ನಲ್ಲಿ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆಯಲ್ಲಿ) ಒಟ್ಟು 2.56 ಬಾರ್‌ನಷ್ಟು ಒತ್ತಡ ಬೇಕು. ಬಿಸಿಯಾದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಮತ್ತು ಏರ್ ಫಿಲ್ಟರ್‌ಗಳಲ್ಲಿ ಕಳೆದುಹೋಗುವುದನ್ನೂ ಸೇರಿಸಿದರೆ, ಸಮುದ್ರಮಟ್ಟದ ಮಂಗಳೂರಿನಲ್ಲಿ ಕಂಪ್ರೆಸರ್ ತನ್ನೊಳಗೆ ಬಂದ ಗಾಳಿಯ ಒತ್ತಡವನ್ನು ಸುಮಾರು 2.86 ಪಟ್ಟು ಏರಿಸಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದ್ದು ಅಲ್ಲಿನ ವಾಯುಭಾರ 0.91 ಬಾರ್‌ನಷ್ಟೇ ಇರುವುದರಿಂದ, ಅದೇ ಕಾರಿಗೆ, ಅದೇ 400ಕ್ಕೆ, ಅದು 3.2 ಪಟ್ಟು ದಾಟುತ್ತದೆ. ಇಷ್ಟಕ್ಕೇ ಮುಗಿಯುವುದಿಲ್ಲ: ತೆಳುವಾದ ಗಾಳಿಯಲ್ಲಿ 18 ಕಿಲೋಗ್ರಾಂ ಒಟ್ಟುಗೂಡಿಸಲು ಹೆಚ್ಚು ಘನ ಅಳತೆಯ ಗಾಳಿ ಬೇಕಾಗುವುದರಿಂದ, ಕಂಪ್ರೆಸರ್ ನಕ್ಷೆಯ (ಒತ್ತಡ, ಹರಿವು, ಚಕ್ರದ ವೇಗಗಳನ್ನು ತೋರಿಸುವ ಚಿತ್ರದ) ಮೇಲೆ ಆ ಬಿಂದು, ಪ್ರಮಾಣಿತ ಗಾಳಿಯ ಲೆಕ್ಕದಲ್ಲಿ, ನಿಮಿಷಕ್ಕೆ 21 ಕಿಲೋಗ್ರಾಂ ಹತ್ತಿರಕ್ಕೆ ಸರಿಯುತ್ತದೆ. ಕರಾವಳಿಯಲ್ಲಿ ನಿರಾಳವಾಗಿ ಉಸಿರಾಡುವ ಟರ್ಬೊ ಬೆಂಗಳೂರಿನಲ್ಲಿ ತನ್ನ ವೇಗಮಿತಿಯ ಅಂಚಿಗೆ ಹೋಗಿ ನಿಲ್ಲಬಹುದು. ಅಮೆರಿಕದ ಯಾವುದೋ ಬಯಲಿನಲ್ಲಿ ತೆಗೆದ ಡೈನೊ ಹಾಳೆಯನ್ನು ನೋಡಿ ನಮ್ಮವರು ಟರ್ಬೊ ತರಿಸಿಕೊಳ್ಳುವಾಗ ಈ ಲೆಕ್ಕವನ್ನೇಕೆ ಮಾಡುವುದಿಲ್ಲವೋ ನನಗೆ ಅರ್ಥವಾಗಿಲ್ಲ.

ಹಾಗಾದರೆ ದೊಡ್ಡದನ್ನೇ ಹಾಕಿಬಿಡೋಣ ಎನ್ನುವವರು ಎರಡು ಸಂಗತಿಗಳನ್ನು ಗಮನಿಸಬೇಕು. ಒಂದೇ ಆಕಾರದ ಚಕ್ರವನ್ನು ಹಿಗ್ಗಿಸುತ್ತ ಹೋದರೆ ಅದನ್ನು ತಿರುಗಿಸಲು ಎದುರಾಗುವ ಜಡತ್ವ ವ್ಯಾಸದ ಐದನೇ ಘಾತದಂತೆ ಬೆಳೆಯುತ್ತದೆ. ವ್ಯಾಸ ಶೇಕಡಾ 10ರಷ್ಟು ಹೆಚ್ಚಿದರೆ ಜಡತ್ವ ಶೇಕಡಾ 60ರಷ್ಟು ಹೆಚ್ಚುತ್ತದೆ, ಬಾಲ್ ಬೇರಿಂಗ್ ಹಾಕಿದ ಮಾತ್ರಕ್ಕೆ ಅದು ಮಾಯವಾಗುವುದಿಲ್ಲ. ಇನ್ನೊಂದು, 4000 ಆರ್‌ಪಿಎಂನಲ್ಲಿ ನಮ್ಮ ಎಂಜಿನ್ ಪೂರ್ಣ ಬೂಸ್ಟ್‌ನಲ್ಲೂ ನಿಮಿಷಕ್ಕೆ 10 ಕಿಲೋಗ್ರಾಂ ಚಿಲ್ಲರೆ ಗಾಳಿಯನ್ನಷ್ಟೇ ಕುಡಿಯುತ್ತದೆ. ಕಂಪ್ರೆಸರ್ ತೀರಾ ದೊಡ್ಡದಾದರೆ ಅಷ್ಟು ಕಡಿಮೆ ಹರಿವಿಗೆ ಅಷ್ಟು ಒತ್ತಡವನ್ನು ಹಿಡಿದಿಡಲಾಗದೆ ಗಾಳಿ ಹಿಮ್ಮುಖವಾಗಿ ನುಗ್ಗುತ್ತದೆ. ಸರ್ಜ್ ಎಂದು ಕರೆಯುವುದು ಇದನ್ನೇ. ಆ ಶಬ್ದವನ್ನು ಗತ್ತಿನ ಗುರುತೆಂದು ಮೆಚ್ಚುವವರಿದ್ದಾರೆ, ಟರ್ಬೊದ ಥ್ರಸ್ಟ್ ಬೇರಿಂಗ್‌ಗೆ ಮಾತ್ರ ಅದು ಹೊಡೆತ.

ಟರ್ಬೈನ್ ಕಡೆಯನ್ನು ಜನ ಹೆಚ್ಚಾಗಿ ಕೊನೆಯಲ್ಲಿ ಯೋಚಿಸುತ್ತಾರೆ, ನಾನು ಅಲ್ಲಿಂದಲೇ ಆರಂಭಿಸುತ್ತೇನೆ. ಕಂಪ್ರೆಸರ್ ಅದೇ ಇದ್ದರೂ ಟರ್ಬೈನ್ ಹೌಸಿಂಗ್‌ನ (ಕವಚದ) ಎ/ಆರ್, ಅಂದರೆ ಹೊಗೆಯ ದಾರಿಯ ಗಾತ್ರವನ್ನು ಸೂಚಿಸುವ ಅನುಪಾತ, ಬದಲಾದರೆ ಕಾರಿನ ಸ್ವಭಾವವೇ ಬದಲಾಗುತ್ತದೆ. ಚಿಕ್ಕ ಎ/ಆರ್ ಬೇಗ ಬೂಸ್ಟ್ ತರುತ್ತದೆ, ಆದರೆ ಮೇಲಿನ ವೇಗದಲ್ಲಿ ಹೊಗೆಗೆ ದಾರಿ ಸಾಲದೆ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನ ಒತ್ತಡ ಏರುತ್ತದೆ, ಸುಟ್ಟ ಅನಿಲ ಸಿಲಿಂಡರಿನಲ್ಲೇ ಉಳಿದು ಬಿಸಿ ಹೆಚ್ಚಿ ನಾಕಿಂಗ್ (ಇಂಧನ ಅಕಾಲದಲ್ಲಿ ತಾನಾಗಿ ಸಿಡಿಯುವುದು) ಶುರುವಾಗುತ್ತದೆ. ಆಕ್ಟೇನ್ ಹೆಚ್ಚಿದ್ದಷ್ಟೂ ಪೆಟ್ರೋಲ್ ಇದನ್ನು ತಡೆದುಕೊಳ್ಳುತ್ತದೆ. ಬಂಕಿನಲ್ಲಿ ಸಿಗುವ 95 ಆಕ್ಟೇನ್ ಪೆಟ್ರೋಲನ್ನು ನಂಬಿದವರಿಗೆ ಇದು ನಿಜವಾದ ಮಿತಿ. 100 ಆಕ್ಟೇನ್ ಕೆಲವು ನಗರಗಳ ಕೆಲವು ಬಂಕುಗಳಲ್ಲಿ ಸಿಗುತ್ತದಾದರೂ ದಿನನಿತ್ಯದ ಟ್ಯೂನಿಂಗನ್ನು ಅದರ ಮೇಲೆ ನಿಲ್ಲಿಸುವುದು ಜಾಣತನವಲ್ಲ. ನಾಲ್ಕು ಸಿಲಿಂಡರ್ ಎಂಜಿನ್‌ನಲ್ಲಿ ಒಂದು ಮತ್ತು ನಾಲ್ಕನೆಯ ಸಿಲಿಂಡರ್‌ಗಳ ಹೊಗೆಯನ್ನು ಒಂದು ದಾರಿಗೂ, ಎರಡು ಮತ್ತು ಮೂರನೆಯದ್ದನ್ನು ಇನ್ನೊಂದು ದಾರಿಗೂ ಬೇರ್ಪಡಿಸುವ ಟ್ವಿನ್ ಸ್ಕ್ರೋಲ್ ಹೌಸಿಂಗ್ ಹಾಕುವ ಅವಕಾಶವಿದ್ದರೆ, ಸ್ವಲ್ಪ ದೊಡ್ಡ ಎ/ಆರ್ ಇಟ್ಟುಕೊಂಡೂ ಬೇಗ ಬೂಸ್ಟ್ ಪಡೆಯಬಹುದು. ಹೊಸ ಕಂಪ್ರೆಸರ್ ಚಕ್ರಕ್ಕಿಂತ ಈ ಖರ್ಚು ಹೆಚ್ಚು ಫಲ ಕೊಡುತ್ತದೆ.

ನಮ್ಮಲ್ಲಿ ಟರ್ಬೊ ಹಾಕಿಸಿಕೊಳ್ಳುವ ಕಾರುಗಳು ಬಹುಪಾಲು ಮುಂಚಕ್ರ ಚಾಲನೆಯವು ಎಂಬುದರಿಂದ ಒಂದು ವಿನಾಯಿತಿಯನ್ನು ಒಪ್ಪಬೇಕು. ಗೆರೆಯ ಮೇಲಿಂದ ಹೊರಡುವಾಗ ಗಾಡಿಯ ಭಾರ ಹಿಂದಕ್ಕೆ ವಾಲಿ ಮುಂದಿನ ಟೈರುಗಳ ಹಿಡಿತ ಕಡಿಮೆಯಾಗುತ್ತದೆ, ಅಲ್ಲಿ ಟರ್ಬೊ ತುಸು ತಡವಾಗಿ ಎದ್ದರೆ ಹಾನಿಯಿಲ್ಲ. ಆದರೆ ಅದಕ್ಕಾಗಿ ಟರ್ಬೊವನ್ನೇ ದೊಡ್ಡದು ಮಾಡುವ ಅಗತ್ಯವಿಲ್ಲ. ಗೇರಿಗೆ ತಕ್ಕಂತೆ ಬೂಸ್ಟ್ ನಿಯಂತ್ರಿಸುವ ಇಸಿಯು (ಎಂಜಿನ್ನಿನ ಕಂಪ್ಯೂಟರ್) ಇದ್ದರೆ ಒಂದನೇ ಗೇರಿನಲ್ಲಿ ಅರ್ಧ ಬಾರ್‌ಗೆ ಕಟ್ಟಿಹಾಕಿ, ಎರಡರಿಂದ ಮೇಲೆ ಬಿಟ್ಟುಕೊಡಬಹುದು. ಅಂದಹಾಗೆ, ಇಂಥ ಎಂಜಿನ್ ಬದಲಾವಣೆಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡಬರುತ್ತದೆ ಎಂಬುದನ್ನೂ, ಸಾರ್ವಜನಿಕ ರಸ್ತೆಯ ಮೇಲಿನ ಓಟ ಅಪರಾಧವೆಂಬುದನ್ನೂ ಬಲ್ಲವರಿಗೆ ಮತ್ತೆ ಹೇಳಬೇಕಿಲ್ಲ.

ನನ್ನ ಆಯ್ಕೆಯನ್ನು ಕೇಳಿದರೆ, ಈ 2 ಲೀಟರ್ ಕಾರಿಗೆ ಟರ್ಬೊ ತಯಾರಿಸುವ ಗ್ಯಾರೆಟ್ ಕಂಪನಿಯ ಜಿ25-550 ವರ್ಗದ ಗಾತ್ರ ಸಾಕು. ಜಿ25-660ರಲ್ಲೂ ಅದೇ ಟರ್ಬೈನ್ ಚಕ್ರವಿದ್ದು ಕಂಪ್ರೆಸರ್ ಮಾತ್ರ ದೊಡ್ಡದಾಗಿರುವುದರಿಂದ ಅದರತ್ತ ಮನಸ್ಸು ಎಳೆಯುವುದು ಸಹಜವೇ. ಬೆಂಗಳೂರಿನ ಕಾರಾದರೆ ನಾನು ಟರ್ಬೊವನ್ನು ಹಿಗ್ಗಿಸುವ ಬದಲು ಗುರಿಯನ್ನೇ 400ರಿಂದ 355ರ ಆಸುಪಾಸಿಗೆ ಇಳಿಸುತ್ತೇನೆ. ಮಂಗಳೂರಿನ 400ಕ್ಕೆ ಕಂಪ್ರೆಸರ್ ಪಡುವ ಶ್ರಮವನ್ನೇ ಇಲ್ಲಿ ಅದು 355ಕ್ಕೆ ಪಡುತ್ತದೆ. ಹಾಗೆ ಉಳಿದ ಹಣ ಟೈರಿಗೆ, ಕ್ಲಚ್ಚಿಗೆ, ದೊಡ್ಡ ಇಂಟರ್‌ಕೂಲರಿಗೆ ಹೋಗಲಿ. ಜಿ ಸರಣಿಯ ಹೌಸಿಂಗ್‌ನಲ್ಲಿ ಟರ್ಬೊದ ವೇಗ ಅಳೆಯುವ ಸೆನ್ಸರ್‌ಗೆ ಜಾಗ ಕೊಟ್ಟಿದ್ದಾರೆ, ಅದನ್ನೂ ಹಾಕಿಸಿ. ಟ್ಯೂನಿಂಗ್ ಮುಗಿಸಿದ ದಿನ ಡೈನೊ ಹಾಳೆಯ ಜೊತೆಗೆ ಆ ವೇಗದ ದಾಖಲೆಯನ್ನೂ ಕೇಳಿ ಪಡೆದು, 7000 ಆರ್‌ಪಿಎಂನಲ್ಲಿ ಟರ್ಬೊ ತನ್ನ ನಕ್ಷೆಯ ಕಟ್ಟಕಡೆಯ ವೇಗರೇಖೆಗೆ ಎಷ್ಟು ಹತ್ತಿರವಿದೆ ಎಂದು ನೀವೇ ನೋಡಿಕೊಳ್ಳಿ.